ಕಾಸರಗೋಡಿನ ಹಳ್ಳಿ ಕಡೆ ಜಾಗ ಕೊಳ್ಳುವವರಿಗೆ: ಮುಂಗಡಕ್ಕೆ ಮೊದಲು ಏನು, ಆಮೇಲೆ ಏನು

ಬದಿಯಡ್ಕ, ಪೆರ್ಲ, ಮುಳ್ಳೇರಿಯ, ಪೈವಳಿಕೆ ಕಡೆ ಜಾಗ ತೆಗೆದುಕೊಂಡು ಸಿಕ್ಕಿಹಾಕಿಕೊಳ್ಳುವವರು ಹೆಚ್ಚಾಗಿ ಒಂದೇ ಜಾಗದಲ್ಲಿ ಎಡವುತ್ತಾರೆ. ತೋಟ ನೋಡುತ್ತಾರೆ, ಮನಸ್ಸಿಗೆ ಹಿಡಿಸುತ್ತದೆ, ಬೇರೆಯವರು ಕೊಂಡುಬಿಟ್ಟಾರು ಎಂಬ ಅವಸರದಲ್ಲಿ ಅಂದೇ ಸಂಜೆ ಮುಂಗಡ ಕೊಡುತ್ತಾರೆ. ಕಾಗದಪತ್ರ ನೋಡುವುದು ಆಮೇಲೆ. ರಿಜಿಸ್ಟ್ರಿ ಆಗಿ ಮನೆಗೆ ಅರ್ಜಿ ಹಾಕಿದಾಗ ಆ ಕಂಗಿನ (ಅಡಿಕೆಯ) ತೋಟ ದಾಖಲೆಯಲ್ಲಿ ಇನ್ನೂ ಗದ್ದೆಯಾಗಿಯೇ ಇದೆ ಎಂದು ಗೊತ್ತಾಗುತ್ತದೆ. ಇಲ್ಲವೇ ದಾರಿ ಎಂದು ತೋರಿಸಿದ್ದು ನೆರೆಯವರ ವರ್ಗ ಭೂಮಿಯಾಗಿರುತ್ತದೆ (ಹಕ್ಕುಪತ್ರ ಇರುವ ಸ್ವಂತ ಜಾಗ).

ಕೆಳಗಿನ ಹಂತಗಳನ್ನು ಬರೆದ ಕ್ರಮದಲ್ಲೇ ಮಾಡಿ. ಒಂದರಿಂದ ಎಂಟರವರೆಗಿನ ಕೆಲಸ ಮುಗಿಯುವ ತನಕ ಒಂದು ರೂಪಾಯಿಯೂ ಕೈಬದಲಾಗಬಾರದು.

ಬೇಕಾಗುವ ಸಾಮಾನು: 30 ಮೀಟರಿನ ಟೇಪು, ನಾಲ್ಕು ಗೂಟ, ಹಗ್ಗ, ಒಂದು ಹಾರೆ, 10 ಲೀಟರಿನ ಬಕೆಟು, ಗಡಿಯಾರ. ಇದರ ಜೊತೆ ಮಲಯಾಳ ಓದಲು ಬರೆಯಲು ಚೆನ್ನಾಗಿ ಬರುವ, ಈ ವ್ಯಾಪಾರದಲ್ಲಿ ಕಮಿಷನ್ ಇಲ್ಲದ ಒಬ್ಬರು.

## 1. ಜಾಗವನ್ನು ಎರಡು ಸಲ ನೋಡಿ

ಒಮ್ಮೆ ಪತ್ತನಾಜೆಗೆ (ತುಳು ಬೇಷ ತಿಂಗಳ ಹತ್ತನೇ ದಿನ) ಹತ್ತು ಹದಿನೈದು ದಿನ ಇರುವಾಗ, ಅಂದರೆ ಮೇ ತಿಂಗಳ ಮೊದಲರ್ಧದಲ್ಲಿ. ಇನ್ನೊಮ್ಮೆ ಜುಲೈಯ ಜೋರು ಮಳೆಯಲ್ಲಿ. ಮೇಯಲ್ಲಿ ನೀರು ಎಷ್ಟಿದೆ ಎಂದು ಕಾಣುತ್ತದೆ, ಜುಲೈಯಲ್ಲಿ ನೀರು ಎಲ್ಲಿ ನಿಲ್ಲುತ್ತದೆ, ದಾರಿ ಎಲ್ಲಿ ಕೊಚ್ಚಿಹೋಗುತ್ತದೆ ಎಂದು ಕಾಣುತ್ತದೆ. ಡಿಸೆಂಬರಿನಲ್ಲಿ ಈ ಊರಿನ ಯಾವ ತೋಟವೂ ಚೆಂದವೇ. ಆ ಚೆಂದ ನೋಡಿ ಬೆಲೆ ಮಾತಾಡಬೇಡಿ. ಎರಡು ಸಲ ಬರಲು ಆಗದಿದ್ದರೆ ಮೇ ತಿಂಗಳನ್ನೇ ಆರಿಸಿಕೊಳ್ಳಿ.

## 2. ಕಾಗದದ ಪ್ರತಿ ಕೇಳಿ

ಮಾರುವವರಿಂದ ಇಷ್ಟನ್ನು ತೆಗೆದುಕೊಳ್ಳಿ: ಈಗಿನ ಆಧಾರ (ಕ್ರಯಪತ್ರ, ಪಾಲುಪಟ್ಟಿ, ದಾನಪತ್ರ ಯಾವುದಿದ್ದರೂ), ಅದಕ್ಕೆ ಹಿಂದಿನ ಆಧಾರಗಳು, ಈ ವರ್ಷದ ತೀರ್ವೆ (ಭೂಕಂದಾಯ) ರಶೀದಿ, ಸ್ವಾಧೀನ ಸರ್ಟಿಫಿಕೇಟ್, ಲೊಕೇಶನ್ ಸ್ಕೆಚ್, ಭೂಸುಧಾರಣೆಯಲ್ಲಿ ಬಂದ ಜಾಗವಾದರೆ ಲ್ಯಾಂಡ್ ಟ್ರಿಬ್ಯೂನಲ್ ಕೊಟ್ಟ ಕ್ರಯ ಸರ್ಟಿಫಿಕೇಟ್.

ಪ್ರತಿ ಕೊಡಲು ಹಿಂದೇಟು ಹಾಕಿ "ಕಾಗದ ಎಲ್ಲ ಸರಿ ಉಂಟು, ಮುಂಗಡ ಕೊಟ್ಟ ಮೇಲೆ ತೋರಿಸುತ್ತೇನೆ" ಎಂದರೆ ಅಲ್ಲಿಗೇ ನಿಲ್ಲಿಸಿ.

ತೀರ್ವೆ ರಶೀದಿಯನ್ನು ಒಡೆತನದ ಸಾಕ್ಷಿ ಎಂದು ನಂಬುವವರು ಬಹಳ ಮಂದಿ. ಯಾರ ತಂಡಪೇರಿನಲ್ಲಿ (ವಿಲೇಜ್ ಆಫೀಸಿನ ಭೂಖಾತೆಯಲ್ಲಿ) ತೀರ್ವೆ ಕಟ್ಟಿದ್ದಾರೆ ಎಂಬುದಷ್ಟೇ ಅದರಿಂದ ಗೊತ್ತಾಗುತ್ತದೆ. ಹಕ್ಕು ಇರುವುದು ಆಧಾರದಲ್ಲಿ.

ದಾಖಲೆಗಳಲ್ಲಿ ವಿಸ್ತೀರ್ಣ ಹೆಕ್ಟೇರ್, ಆರ್, ಚದರ ಮೀಟರಿನಲ್ಲಿರುತ್ತದೆ, ಮಾತುಕತೆ ಮಾತ್ರ ಸೆಂಟ್ಸಿನಲ್ಲಿ ನಡೆಯುತ್ತದೆ. 1 ಸೆಂಟ್ಸ್ ಎಂದರೆ 40.47 ಚದರ ಮೀಟರ್, 1 ಆರ್ ಎಂದರೆ 100 ಚದರ ಮೀಟರ್. ಕಾಗದದಲ್ಲಿ 0.0809 ಹೆಕ್ಟೇರ್ ಎಂದಿದ್ದರೆ ಅದು 20 ಸೆಂಟ್ಸ್. ದಶಮಾಂಶ ಬಿಂದು ಓದುವಾಗ ತಪ್ಪಿದರೆ ಲೆಕ್ಕ ಹತ್ತು ಪಟ್ಟು ತಪ್ಪುತ್ತದೆ.

## 3. ನಂಜವೋ, ಪುಂಜವೋ, ಬಾಗಾಯ್ತೋ

ಎಲ್ಲಕ್ಕಿಂತ ಹೆಚ್ಚು ಹೊತ್ತು ಇಲ್ಲಿ ಕಳೆಯಿರಿ. ಹಳೆಯ ಕನ್ನಡ ಆಧಾರಗಳಲ್ಲಿ ನಂಜ ಎಂದರೆ ಗದ್ದೆ, ಪುಂಜ ಎಂದರೆ ಒಣಭೂಮಿ, ಬಾಗಾಯ್ತು ಎಂದರೆ ತೋಟ. ಈಗಿನ ಮಲಯಾಳ ದಾಖಲೆಯಲ್ಲಿ ನಂಜಕ್ಕೆ 'ನಿಲಂ', ಮನೆ ಕಟ್ಟಬಹುದಾದ ಜಾಗಕ್ಕೆ 'ಪುರಯಿಡಂ', ತೋಟಕ್ಕೆ 'ತೋಟ್ಟಂ' ಎಂದಿರುತ್ತದೆ. ಕಣ್ಣಿಗೆ ಕಾಣುವುದು ಇಪ್ಪತ್ತು ವರ್ಷದ ಕಂಗಿನ ತೋಟವಾದರೂ ದಾಖಲೆಯಲ್ಲಿ ನಿಲಂ ಎಂದಿದ್ದರೆ ಕಾನೂನಿಗೆ ಅದು ಗದ್ದೆ. ಬೈಲು ಮತ್ತು ಮಜಲಿನಲ್ಲಿ (ತಗ್ಗಿನ ಮತ್ತು ನಡುಮಟ್ಟದ ಗದ್ದೆಗಳಲ್ಲಿ) ಎಬ್ಬಿಸಿದ ತೋಟಗಳಲ್ಲಿ ಬಹಳಷ್ಟರ ಕತೆ ಇದೇ.

ಮಾಡಬೇಕಾದ ಕೆಲಸ ಮೂರು.

ಮೊದಲನೆಯದು, ವಿಲೇಜ್ ಆಫೀಸಿನಲ್ಲಿ ಬಿ.ಟಿ.ಆರ್. (ಮೂಲ ತೀರ್ವೆ ರಿಜಿಸ್ಟರ್) ಪುಟದ ಪ್ರತಿ ಪಡೆಯಿರಿ. ಆಧಾರದಲ್ಲಿ ತೋಟ ಎಂದು ಬರೆದುಕೊಂಡ ಮಾತ್ರಕ್ಕೆ ಬಿ.ಟಿ.ಆರ್. ಬದಲಾಗುವುದಿಲ್ಲ. ಎರಡೂ ಬೇರೆ ಬೇರೆ ಹೇಳಿದರೆ ಲೆಕ್ಕಕ್ಕೆ ಬರುವುದು ಬಿ.ಟಿ.ಆರ್.

ಎರಡನೆಯದು, ಕೃಷಿಭವನಕ್ಕೆ ಹೋಗಿ ಆ ಸರ್ವೆ ನಂಬ್ರ ಡಾಟಾ ಬ್ಯಾಂಕಿನಲ್ಲಿ ಇದೆಯೇ ನೋಡಿ. ಕೇರಳದ 2008ರ ಗದ್ದೆ ಮತ್ತು ಜೌಗುಭೂಮಿ ಸಂರಕ್ಷಣಾ ಕಾಯಿದೆಯಡಿ ಗದ್ದೆ ಎಂದು ಗುರುತಿಸಿದ ಜಾಗಗಳ ಪಟ್ಟಿ ಅದು. ನಂಬ್ರವನ್ನು ಸಬ್ ಡಿವಿಜನ್ ಸಹಿತ ಹುಡುಕಿ. 112/3ರ ಬದಲು 112/2 ನೋಡಿ ನೆಮ್ಮದಿಯಿಂದ ಮನೆಗೆ ಬಂದವರಿದ್ದಾರೆ.

ಮೂರನೆಯದು, ನಾಲ್ಕು ಸಾಧ್ಯತೆಗಳಲ್ಲಿ ನಿಮ್ಮ ಜಾಗ ಯಾವುದು ಎಂದು ನಿರ್ಧರಿಸಿ. ಪುರಯಿಡಂ ಎಂದಿದ್ದು ಡಾಟಾ ಬ್ಯಾಂಕಿನಲ್ಲಿ ಇಲ್ಲದಿದ್ದರೆ ಮುಂದೆ ಹೋಗಬಹುದು. ಪುರಯಿಡಂ ಎಂದಿದ್ದೂ ಡಾಟಾ ಬ್ಯಾಂಕಿನಲ್ಲಿ ಇದ್ದರೆ ಅದು ಬಗೆಹರಿಯುವ ತನಕ ಕಾಯಿರಿ. ನಿಲಂ ಆಗಿದ್ದು ಡಾಟಾ ಬ್ಯಾಂಕಿನಲ್ಲಿ ಇಲ್ಲದಿದ್ದರೆ ಭೂಪರಿವರ್ತನೆಗೆ (ಆಫೀಸಿನವರ ಬಾಯಲ್ಲಿ 'ತರಮಾಟ್ಟಂ') ಅರ್ಜಿ ಹಾಕಬೇಕು: 50 ಸೆಂಟ್ಸಿನವರೆಗೆ ಫಾರಂ 6, ಅದಕ್ಕಿಂತ ಹೆಚ್ಚಾದರೆ ಫಾರಂ 7. ನಿಲಂ ಆಗಿದ್ದು ಡಾಟಾ ಬ್ಯಾಂಕಿನಲ್ಲೂ ಇದ್ದರೆ ಮೊದಲು ಫಾರಂ 5 ಹಾಕಿ ಪಟ್ಟಿಯಿಂದ ಹೊರತರಬೇಕು, ಪರಿವರ್ತನೆ ಆಮೇಲೆ. 2008ರಲ್ಲಿ ಅದು ನಿಜವಾಗಿ ಗದ್ದೆಯಾಗಿತ್ತೇ ಎಂದು ಆಗಿನ ಉಪಗ್ರಹ ಚಿತ್ರ ತರಿಸಿ ನೋಡುವುದೂ ಉಂಟು.

ಮರದ ವಯಸ್ಸು ನೀವೇ ಅಂದಾಜು ಮಾಡಬಹುದು. ಕಂಗಿನಿಂದ ಹಾಳೆ ಬಿದ್ದಲ್ಲೆಲ್ಲ ಕಾಂಡದಲ್ಲಿ ಒಂದು ಬಳೆ ಉಳಿಯುತ್ತದೆ. ವರ್ಷಕ್ಕೆ ಸುಮಾರು ಆರೇಳು ಹಾಳೆ ಬೀಳುತ್ತವೆ. ಬಳೆ ಎಣಿಸಿ ಏಳರಿಂದ ಭಾಗಿಸಿ, ಸಸಿಯಾಗಿದ್ದ ನಾಲ್ಕು ವರ್ಷ ಕೂಡಿಸಿ. "ಅಜ್ಜನ ಕಾಲದ ತೋಟ" ಎಂದು ಹೇಳಿದ ಜಾಗದಲ್ಲಿ ಎಲ್ಲ ಮರಗಳೂ ಹತ್ತು ವರ್ಷದವೇ ಆಗಿ ಕಂಡರೆ, ಹಳೆಯ ಮರದ ಬುಡ ಒಂದೂ ಇಲ್ಲದಿದ್ದರೆ, ಅದು ಹೊಸದಾಗಿ ಮುಚ್ಚಿದ ಗದ್ದೆ ಇರಬಹುದು.

ಇನ್ನೊಂದು ಮೋಸ ಲೆಕ್ಕದಲ್ಲಿ ಆಗುತ್ತದೆ. 25 ಸೆಂಟ್ಸಿನವರೆಗೆ ಪರಿವರ್ತನೆ ಶುಲ್ಕವಿಲ್ಲ ಎಂಬ ಮಾತು ನಿಜ, ಆದರೆ 2017 ಡಿಸೆಂಬರ್ 30ರಂದು ಆ ಜಾಗ 25 ಸೆಂಟ್ಸಿನೊಳಗೆ ಇದ್ದಿರಬೇಕು. ಒಂದು ಎಕ್ರೆಯನ್ನು ಈಗ ತುಂಡು ಮಾಡಿ 20 ಸೆಂಟ್ಸ್ ಮಾರುವವರು "ಶುಲ್ಕ ಇಲ್ಲ" ಎಂದರೆ ನಂಬಬೇಡಿ. ಪರಿವರ್ತನೆ ಮಾಡಿಸಿಕೊಡುವ ಹೊಣೆ ಮಾರುವವರದ್ದೇ ಆಗಲಿ, ಆದೇಶ ಕೈಗೆ ಬಂದ ಮೇಲೆ ಕರಾರು.

ಹೊಳೆ, ಅಳಿವೆಯ ಹತ್ತಿರದ ಜಾಗವಾದರೆ ಸಿ.ಆರ್.ಝಡ್. (ಕರಾವಳಿ ನಿಯಂತ್ರಣ ವಲಯದ ನಿಯಮ) ಕೂಡ ನೋಡಬೇಕು. ಕಡಲು ಕಾಣದಿದ್ದರೂ ಭರತದ (ಉಬ್ಬರದ) ಉಪ್ಪುನೀರು ಏರಿಬರುವ ತನಕ ಅದರ ಹಿಡಿತ ಇದೆ. ಚಂದ್ರಗಿರಿ, ಮೊಗ್ರಾಲು, ಶಿರಿಯ, ಉಪ್ಪಳ ಹೊಳೆಗಳ ಬದಿಯವರು ಪಂಚಾಯತಿನಲ್ಲಿ ನಕ್ಷೆ ಕೇಳಿ.

## 4. ಕುಮ್ಕಿಗೆ ಹಣ ಕೊಡಬೇಡಿ

"ಎರಡು ಎಕ್ರೆ ವರ್ಗ, ಒಂದು ಎಕ್ರೆ ಕುಮ್ಕಿ" ಎಂದು ಹೇಳಿ ಮೂರು ಎಕ್ರೆಗೆ ಬೆಲೆ ಕಟ್ಟುತ್ತಾರೆ. ಕುಮ್ಕಿ ಸರಕಾರದ ಭೂಮಿ. ಸೊಪ್ಪು, ಹುಲ್ಲು, ಸೌದೆಗಾಗಿ ಪಕ್ಕದ ವರ್ಗದಾರರಿಗೆ ಇರುವ ಅನುಕೂಲವಷ್ಟೇ ಅಲ್ಲಿದೆ, ಒಡೆತನ ಇಲ್ಲ. ಅದನ್ನು ಆಧಾರದಲ್ಲಿ ಬರೆದುಕೊಟ್ಟರೂ ನಿಮ್ಮದಾಗುವುದಿಲ್ಲ, ಅಲ್ಲಿ ಮನೆಗೆ ಪರವಾನಗಿಯೂ ಸಿಗದು. ವರ್ಗದ ವಿಸ್ತೀರ್ಣಕ್ಕೆ ಮಾತ್ರ ಬೆಲೆ ಕೊಡಿ. ಬಾವಿ ಅಥವಾ ಪಂಪ್‌ಶೆಡ್ ಕುಮ್ಕಿಯಲ್ಲಿದ್ದರೆ ಬೆಲೆ ಇನ್ನೂ ಇಳಿಯಬೇಕು.

ಸರಕಾರ ಪತಿವು (ಹಂಚಿಕೆ) ಮಾಡಿಕೊಟ್ಟ ಪಟ್ಟೆ ಜಾಗವಾದರೆ ಪಟ್ಟೆಯ ಹಿಂಬದಿಯ ಷರತ್ತುಗಳನ್ನು ಒಂದೊಂದಾಗಿ ಓದಿಸಿಕೊಳ್ಳಿ. ಇಷ್ಟು ವರ್ಷ ಮಾರಬಾರದು, ಇಂಥ ಉದ್ದೇಶಕ್ಕೆ ಮಾತ್ರ ಬಳಸಬೇಕು ಎಂದಿರುತ್ತದೆ. ಷರತ್ತು ಮುರಿದ ಪಟ್ಟೆಯನ್ನು ರದ್ದು ಮಾಡಲು ಅವಕಾಶ ಇದೆ, ಆಗ ಕೊಂಡವರ ಹಣಕ್ಕೆ ದಿಕ್ಕಿಲ್ಲ.

## 5. ಮಾರುವವರು ಯಾರು, ಪಾಲುದಾರರು ಯಾರು

ಕೇರಳದಲ್ಲಿ ಕೃಷಿಭೂಮಿ ಕೊಳ್ಳಲು ಕೃಷಿಕರೇ ಆಗಿರಬೇಕು ಎಂಬ ಷರತ್ತು ಇಲ್ಲ. ಕರ್ನಾಟಕದಿಂದ ಬಂದು ಕೊಳ್ಳುವವರಿಗೂ ಅಡ್ಡಿಯಿಲ್ಲ. ಆದರೆ ಗಲ್ಫಿನಲ್ಲಿ ಅನಿವಾಸಿಯಾಗಿರುವವರು ವಿದೇಶಿ ವಿನಿಮಯದ ನಿಯಮದಂತೆ ಕೃಷಿಭೂಮಿ, ಪ್ಲಾಂಟೇಶನ್, ಫಾರ್ಮ್ ಹೌಸ್ ಖರೀದಿಸುವಂತಿಲ್ಲ. ಪಿತ್ರಾರ್ಜಿತವಾಗಿ ಬಂದರೆ ಇಟ್ಟುಕೊಳ್ಳಬಹುದು. ಮಗನ ಹೆಸರಲ್ಲಿ ತೋಟ ಮಾಡುವ ಆಸೆ ಇದ್ದವರು ಇದನ್ನು ಮೊದಲೇ ತಿಳಿದಿರಲಿ.

ಅಳಿಯಸಂತಾನ ಮತ್ತು ಮರುಮಕ್ಕತ್ತಾಯದ (ತಾಯಿಯ ಕಡೆಯಿಂದ ವಂಶ ಎಣಿಸುವ) ಕುಟುಂಬದ ಜಾಗವಾದರೆ ಒಂದು ದಿನಾಂಕ ನೆನಪಿಡಿ: 1976 ಡಿಸೆಂಬರ್ 1. ಕೇರಳದಲ್ಲಿ ಅವಿಭಕ್ತ ಕುಟುಂಬ ಪದ್ಧತಿ ರದ್ದಾದದ್ದು ಅಂದು. ಆ ದಿನ ಕುಟುಂಬದಲ್ಲಿದ್ದ ಪ್ರತಿಯೊಬ್ಬರಿಗೂ ತಲೆಗೊಂದರಂತೆ ಪಾಲು ನಿಂತಿತು, ಅಂದು ತೊಟ್ಟಿಲಲ್ಲಿದ್ದ ಮಗುವಿಗೂ. ತರವಾಡಿನ (ಮೂಲ ಕುಟುಂಬದ) ಜಾಗವನ್ನು ಹಿರಿಯರೊಬ್ಬರೇ ಮಾರಲು ಬಂದರೆ ನೋಂದಾಯಿತ ಪಾಲುಪಟ್ಟಿ ಎಲ್ಲಿದೆ ಎಂದು ಕೇಳಿ. ಇಲ್ಲದಿದ್ದರೆ ಅಂದಿನ ಸದಸ್ಯರ ಹೆಸರು ಬರೆದು, ತೀರಿಹೋದವರ ವಾರಸುದಾರರನ್ನು ಸೇರಿಸಿ ಕುಟುಂಬದ ಪಟ್ಟಿ ಮಾಡಿಸಿ. ಮುಂಬಯಿಯಲ್ಲಿರುವ ತಂಗಿಯ ಸಹಿ ಆಮೇಲೆ ಹಾಕಿಸುತ್ತೇವೆ ಎಂದರೆ ಆ ಸಹಿ ಆದ ಮೇಲೆಯೇ ಹಣ.

ಪಾಲುದಾರರಲ್ಲಿ ಅಪ್ರಾಪ್ತರಿದ್ದರೆ ಅವರ ಪಾಲು ಮಾರಲು ನ್ಯಾಯಾಲಯದ ಅನುಮತಿ ಬೇಕೇ ಎಂದು ವಕೀಲರಲ್ಲಿ ಕೇಳಿ. ತಾಯಿಯೋ ತಂದೆಯೋ ಸಹಿ ಹಾಕಿದರೆ ಸಾಕು ಎಂಬುದು ತಪ್ಪು. ವಿದೇಶದಿಂದ ಬಂದ ಮುಕ್ತ್ಯಾರುನಾಮೆಯಾದರೆ (ಪವರ್ ಆಫ್ ಅಟಾರ್ನಿ) ರಾಯಭಾರ ಕಚೇರಿಯ ದೃಢೀಕರಣ ಇರಬೇಕು, ಭಾರತಕ್ಕೆ ಬಂದ 3 ತಿಂಗಳೊಳಗೆ ಮುದ್ರಾಂಕ ಕಟ್ಟಿರಬೇಕು. ಕೊಟ್ಟವರು ಬದುಕಿದ್ದಾರೆಯೇ, ರದ್ದು ಮಾಡಿಲ್ಲವೇ ಎಂದು ರಿಜಿಸ್ಟ್ರಿಯ ಹಿಂದಿನ ದಿನ ಅವರಿಗೇ ವೀಡಿಯೋ ಕರೆ ಮಾಡಿ ಖಾತ್ರಿಪಡಿಸಿ.

ಜಾಗದೊಳಗೆ ನಾಗಬನ, ಗುಳಿಗನ ಕಟ್ಟೆ, ದೈವಸ್ಥಾನ ಇದ್ದರೆ ಅದನ್ನು ಮಾತಿನಲ್ಲೇ ಮುಗಿಸಬೇಡಿ. ಎಷ್ಟು ಸೆಂಟ್ಸ್, ಯಾವ ದಾರಿಯಲ್ಲಿ, ವರ್ಷಕ್ಕೆ ಯಾವಾಗ ಕುಟುಂಬದವರು ಬಂದು ಹೋಗುತ್ತಾರೆ ಎಂದು ಆಧಾರದಲ್ಲೇ ಬರೆಸಿ. ಮೊದಲೇ ಬರೆದಿಟ್ಟಲ್ಲಿ ಜಗಳ ಕಡಿಮೆ, ಬಂದು ಹೋಗುವವರಿಗೂ ಗೌರವ.

## 6. ಸಾಲ ಇದೆಯೇ

ಕನಿಷ್ಠ 30 ವರ್ಷದ ಇ.ಸಿ. (ಬಾಧ್ಯತಾ ಸರ್ಟಿಫಿಕೇಟ್) ತೆಗೆಸಿ. ಅದರಲ್ಲಿ 'ಗಹಾನ್' ಎಂದು ಕಂಡರೆ ಅದು ಸಹಕಾರಿ ಬ್ಯಾಂಕಿನ ಸಾಲದ ಈಡು. ಸಾಲ ತೀರಿಸಿದ್ದೇವೆ ಎಂಬ ರಶೀದಿ ಸಾಲದು, ಗಹಾನ್ ಬಿಡುಗಡೆಯೂ ಇ.ಸಿ.ಯಲ್ಲಿ ಬರಬೇಕು.

ಇ.ಸಿ. ಖಾಲಿ ಇದ್ದರೂ ಮೂಲ ಆಧಾರವನ್ನು ಬ್ಯಾಂಕಿನಲ್ಲಿಟ್ಟು ಸಾಲ ತೆಗೆದಿರಬಹುದು. ಅಂಥ ಈಡು ಇ.ಸಿ.ಯಲ್ಲಿ ಕಾಣದೇ ಹೋಗುವುದುಂಟು. ಹಾಗಾಗಿ ಹಿಂದಿನ ಎಲ್ಲ ಆಧಾರಗಳ ಮೂಲವನ್ನು ಕೈಯಲ್ಲಿ ಹಿಡಿದು ನೋಡಿ. ಕಳೆದುಹೋಗಿದೆ ಎಂದು ದೃಢೀಕೃತ ನಕಲು ತೋರಿಸಿದರೆ ಊರಿನ ಬ್ಯಾಂಕುಗಳಲ್ಲಿ ಒಂದು ಸುತ್ತು ವಿಚಾರಿಸಿ.

## 7. ದಾರಿ ಮತ್ತು ಗಡಿ

ಆಧಾರದ ಕೊನೆಯಲ್ಲಿ 'ದಾರಿ ನೀರು ಮಾಮೂಲು ಹಕ್ಕು ಸಹಿತ' ಎಂದು ಇರುತ್ತದೆ. ಅಷ್ಟರಿಂದ ಲಾರಿ ಒಳಗೆ ಬರುವುದಿಲ್ಲ. ಮಾಮೂಲು ದಾರಿ ಎಂದರೆ ತಲೆಹೊರೆಯಲ್ಲಿ ನಡೆದುಹೋಗುವ ಕಟ್ಟಪುಣಿಯೂ (ಗದ್ದೆಯ ಬದು) ಆಗಿರಬಹುದು. ಕೇಳಬೇಕಾದದ್ದು: ದಾರಿ ಪಂಚಾಯತಿನ ಆಸ್ತಿ ರಿಜಿಸ್ಟರಿನಲ್ಲಿ ಇದೆಯೇ? ಇಲ್ಲದಿದ್ದರೆ ಯಾರ ಜಾಗದಲ್ಲಿ ಹೋಗುತ್ತದೆ? ಅವರು ಅಗಲ, ಉದ್ದ, ವಾಹನ ಹೋಗುವ ಹಕ್ಕು ಮೂರನ್ನೂ ನೋಂದಾಯಿತ ಕಾಗದದಲ್ಲಿ ಕೊಟ್ಟಿದ್ದಾರೆಯೇ? ಕಲ್ಲಿನ ಲಾರಿ ತಿರುಗಲು ಮೂಲೆಯಲ್ಲಿ ನಾಲ್ಕು ಮೀಟರಾದರೂ ಬೇಕು. ಈಗ ಕಾರು ಹೋಗುತ್ತದೆ ಎಂಬುದು ನೆರೆಯವರ ಸೌಜನ್ಯವಾಗಿರಬಹುದು. ಜಾಗ ಕೈಬದಲಾದ ವಾರವೇ ಆ ಸೌಜನ್ಯಕ್ಕೆ ಬೇಲಿ ಬೀಳುವುದುಂಟು.

ಗಡಿಯನ್ನು ಮಾರುವವರು ಮತ್ತು ನಾಲ್ಕೂ ಕಡೆಯ ನೆರೆಯವರು ಎದುರಿಗಿರುವಾಗ ಅಳೆಯಿರಿ. ಮೊದಲು ಚಕ್ಕುಬಂದಿ ಓದಿ ಗಡಿಕಲ್ಲು ಹುಡುಕಿ. ಬೇಲಿ, ಅಗಳು (ಕಂದಕ), ಕಟ್ಟಪುಣಿ ಇದ್ದಲ್ಲೇ ಗಡಿ ಎಂದು ಎಣಿಸಬೇಡಿ. ಜಾಗವನ್ನು ತ್ರಿಕೋನಗಳಾಗಿ ಒಡೆದು ಹಗ್ಗ ಕಟ್ಟಿ: ತಳ 42 ಮೀಟರ್, ಎತ್ತರ 19 ಮೀಟರ್ ಆದರೆ ಅರ್ಧ ಗುಣಲಬ್ಧ 399 ಚದರ ಮೀಟರ್, ಹತ್ತಿರ ಹತ್ತಿರ 9.86 ಸೆಂಟ್ಸ್.

ಗುಡ್ಡದಲ್ಲಿ ಎಲ್ಲರೂ ಮಾಡುವ ತಪ್ಪು ಟೇಪನ್ನು ನೆಲಕ್ಕೆ ಹಾಸಿ ಇಳಿಜಾರಿನ ಉದ್ದಕ್ಕೆ ಎಳೆಯುವುದು. ಸರ್ವೆಯ ಲೆಕ್ಕ ಮಟ್ಟಸದ್ದು. 30 ಡಿಗ್ರಿ ಇಳಿಜಾರಿನಲ್ಲಿ ಟೇಪು 30 ಮೀಟರ್ ತೋರಿಸಿದರೆ ನಿಜವಾದ ಮಟ್ಟಸ ಅಳತೆ 26 ಮೀಟರ್ ಮಾತ್ರ. ಐದೈದು ಮೀಟರಿನ ತುಂಡು ಮಾಡಿ, ಟೇಪನ್ನು ಮಟ್ಟಸ ಹಿಡಿದು, ಗೂಟದ ನೇರಕ್ಕೆ ಇಳಿಸುತ್ತಾ ಹೋಗಿ. ನಿಮ್ಮ ಲೆಕ್ಕಕ್ಕೂ ಕಾಗದಕ್ಕೂ ನೂರಕ್ಕೆ ಎರಡು ಮೂರರಷ್ಟು ವ್ಯತ್ಯಾಸ ಸಹಜ. ಅದಕ್ಕಿಂತ ಹೆಚ್ಚಾದರೆ ಲೈಸೆನ್ಸ್ ಇರುವ ಸರ್ವೆಯರನ್ನು ಕರೆಸಿ.

ಡಿಜಿಟಲ್ ರೀಸರ್ವೆ ಮುಗಿದ ಗ್ರಾಮಗಳಲ್ಲಿ 'ಎಂಟೆ ಭೂಮಿ' ಪೋರ್ಟಲಿನ ನಕ್ಷೆಯನ್ನೂ ಹೋಲಿಸಿ. ಇದು 2024ರಲ್ಲಿ ಮೊದಲು ಜಾರಿಗೆ ಬಂದದ್ದೇ ಮಂಜೇಶ್ವರ ತಾಲೂಕಿನ ಉಜಾರು ಉಳುವಾರು ಗ್ರಾಮದಲ್ಲಿ. ಹೊಸ ಸರ್ವೆ ನಂಬ್ರ ಆಧಾರದ ಹಳೆಯ ನಂಬ್ರದಂತೆ ಇರುವುದಿಲ್ಲ, ಎರಡನ್ನೂ ಜೋಡಿಸುವ ಪಟ್ಟಿ ಕೇಳಿ ತೆಗೆದುಕೊಳ್ಳಿ.

## 8. ನೀರು ಮತ್ತು ನೆಲ

ನೀರಿಗಾಗಿ ಗುಡ್ಡಕ್ಕೆ ಅಡ್ಡ ಕೊರೆದ ಸುರಂಗ ಇದ್ದರೆ ಅದರ ಬಾಯಲ್ಲಿ ಬಕೆಟು ಹಿಡಿಯಿರಿ. 10 ಲೀಟರ್ ತುಂಬಲು 40 ಸೆಕೆಂಡು ಬೇಕಾದರೆ ನಿಮಿಷಕ್ಕೆ 15 ಲೀಟರ್, ದಿನಕ್ಕೆ 21,600 ಲೀಟರ್. ಒಂದು ಎಕ್ರೆಯಲ್ಲಿ ಸುಮಾರು 550 ಕಂಗು ಇರುತ್ತದೆ, ಹನಿ ನೀರಾವರಿಯಲ್ಲಿ ಮರವೊಂದಕ್ಕೆ ದಿನಕ್ಕೆ 16ರಿಂದ 20 ಲೀಟರ್ ಬೇಕು. ಅಂದರೆ ಎಕ್ರೆಗೆ ಹತ್ತಿರ ಹತ್ತು ಸಾವಿರ ಲೀಟರ್. ಮೇ ತಿಂಗಳಲ್ಲಿ ಈ ಲೆಕ್ಕ ಹೊಂದಿದರೆ ಎರಡು ಎಕ್ರೆ ತೋಟ ನಡೆಸಬಹುದು.

ಬಾವಿಯಾದರೆ ನೀರಿನ ಮಟ್ಟ ಗುರುತಿಸಿ, ಎರಡು ಗಂಟೆ ಪಂಪ್ ಹಾಕಿ, ಮರುದಿನ ಬೆಳಿಗ್ಗೆ ಎಷ್ಟು ಏರಿದೆ ನೋಡಿ. 3 ಮೀಟರ್ ವ್ಯಾಸದ ಬಾವಿಯಲ್ಲಿ 1 ಮೀಟರ್ ಏರಿದರೆ ಸುಮಾರು 7,000 ಲೀಟರ್. "ಬೋರು ತೆಗೆಸಿದರಾಯಿತು" ಎಂಬ ಮಾತಿಗೆ ಬೆಲೆ ಕೊಡಬೇಡಿ. ಅಕ್ಕಪಕ್ಕದಲ್ಲಿ ಎಷ್ಟು ಬೋರು ಬತ್ತಿದೆ ಎಂದು ನೆರೆಯವರನ್ನು ಕೇಳಿದರೆ ಸಾಕು.

ನೆಲದ ವಿಷಯ. ಮೇಲೆ ಗಟ್ಟಿ ಮುರಕಲ್ಲು, ಅದರಡಿ ಬಿಳಿ-ನಸುಗೆಂಪಿನ ಶೇಡಿ ಮಣ್ಣು: ಈ ಊರಿನ ಗುಡ್ಡಗಳ ಒಳಗೆ ಇರುವುದು ಇದು. ಒಣಗಿರುವಾಗ ಶೇಡಿ ಗೋಡೆಯಂತೆ ನಿಲ್ಲುತ್ತದೆ, ನೆನೆದರೆ ಜಾರುತ್ತದೆ. ಜೆ.ಸಿ.ಬಿ.ಯಲ್ಲಿ ನೇರ ಕಡಿದ ಬರೆಯ (ಮಣ್ಣಿನ ಗೋಡೆಯ) ಬುಡದಲ್ಲಿ ಶೇಡಿ ಕಂಡರೆ ಅದರ ಕೆಳಗೂ ಮೇಲೂ ಮನೆ ಬೇಡ. ಬರೆಯ ತಲೆಯಲ್ಲಿ ಉದ್ದುದ್ದ ಬಿರುಕು, ಓರೆಯಾದ ಕಂಗು, ಮಳೆಯಲ್ಲಿ ಎಲ್ಲಿಂದಲೋ ಚಿಮ್ಮುವ ಕೆಸರುನೀರು, ಮೂರೂ ಕೆಟ್ಟ ಲಕ್ಷಣ.

ಪದವಿನಲ್ಲಿ (ಗುಡ್ಡದ ಮೇಲಿನ ಬಯಲಿನಲ್ಲಿ) ಅಗ್ಗಕ್ಕೆ ಸಿಗುವ ಮಟ್ಟಸ ಸೈಟುಗಳಲ್ಲಿ ಹಲವು ಹಳೆಯ ಕಲ್ಲಿನ ಕೋರೆ ಮುಚ್ಚಿದ ಜಾಗ. ಹಾರೆಯನ್ನು ಏಳೆಂಟು ಕಡೆ ಹೊಡೆದು ನೋಡಿ. ಒಂದು ಅಡಿಯೊಳಗೆ ಠಣ್ ಎಂದರೆ ಕಲ್ಲು. ಸರಕ್ಕನೆ ಮೂರಡಿ ಇಳಿದರೆ ತುಂಬಿಸಿದ ಮಣ್ಣು, ಅದರ ಮೇಲೆ ಹಾಕಿದ ಪಂಚಾಂಗ (ಅಡಿಪಾಯ) ಎರಡು ಮಳೆಗಾಲದಲ್ಲಿ ಬಿರಿಯುತ್ತದೆ.

## 9. ಕರಾರು ಮತ್ತು ರಿಜಿಸ್ಟ್ರಿ

ಈಗ ಮುಂಗಡ ಕೊಡಬಹುದು. 20,000 ರೂಪಾಯಿ ಅಥವಾ ಅದಕ್ಕಿಂತ ಹೆಚ್ಚಿನ ಮೊತ್ತ ನಗದಾಗಿ ಬೇಡ, ಬ್ಯಾಂಕಿನ ಮೂಲಕವೇ ಹೋಗಲಿ. ಕರಾರಿನಲ್ಲಿ ಸೆಂಟ್ಸಿಗೆ ಇಷ್ಟು ಎಂಬ ದರ, ಅಳತೆ ಕಡಿಮೆಯಾದರೆ ಹಣ ಕಡಿತ, ದಾರಿಯ ಅಗಲ, ಬಾಕಿ ಕೆಲಸ ಯಾರದ್ದು, ಅವಧಿ, ತಪ್ಪಿದರೆ ಮುಂಗಡ ವಾಪಸು ಇಷ್ಟೂ ಇರಲಿ.

ಮುದ್ರಾಂಕ ಶೇಕಡಾ 8, ನೋಂದಣಿ ಶುಲ್ಕ ಶೇಕಡಾ 2. ಆಧಾರದ ಬೆಲೆ ಮತ್ತು ಸರಕಾರದ ನ್ಯಾಯಬೆಲೆ, ಇವೆರಡರಲ್ಲಿ ಹೆಚ್ಚಿನದ್ದರ ಮೇಲೆ ಲೆಕ್ಕ. 12 ಲಕ್ಷದ ಜಾಗಕ್ಕೆ 96,000 ಮತ್ತು 24,000, ಒಟ್ಟು 1,20,000 ರೂಪಾಯಿ. ಬರೆಯುವವರ ಕೂಲಿ ಬೇರೆ. ಬೆಲೆ ಕಡಿಮೆ ತೋರಿಸುವ ಸಲಹೆ ಬಂದೇ ಬರುತ್ತದೆ. ನಾಳೆ ಬ್ಯಾಂಕ್ ಸಾಲ ಸಿಗುವುದು ಕಾಗದದ ಬೆಲೆಗೆ, ವ್ಯವಹಾರ ಮುರಿದರೆ ಮರಳಿ ಕೇಳಲು ಆಗುವುದೂ ಅಷ್ಟೇ.

ಆಧಾರದ ಕರಡು ಮಲಯಾಳದಲ್ಲಿದ್ದರೆ ಸಹಿಗೆ ಎರಡು ದಿನ ಮೊದಲು ತಂದು ಸಾಲು ಸಾಲಾಗಿ ಕನ್ನಡದಲ್ಲಿ ಹೇಳಿಸಿಕೊಳ್ಳಿ. ಸರ್ವೆ ನಂಬ್ರ, ವಿಸ್ತೀರ್ಣ, ಚಕ್ಕುಬಂದಿ, ದಾರಿ, ಮರ-ಬಾವಿ-ಪಂಪಿನ ವಿವರ, ಹೆಸರಿನ ಕಾಗುಣಿತ ಇವನ್ನು ನೀವೇ ಗುರುತು ಹಾಕಿ ನೋಡಿ. ಸ್ಥಳೀಯ ಕಚೇರಿಗಳಿಗೆ ಕನ್ನಡದಲ್ಲಿ ಅರ್ಜಿ ಬರೆಯುವ, ಕನ್ನಡದಲ್ಲಿ ಉತ್ತರ ಪಡೆಯುವ ಹಕ್ಕನ್ನು ಕೇರಳದ 1969ರ ಅಧಿಕೃತ ಭಾಷಾ ಕಾಯಿದೆಯೇ ಕೊಟ್ಟಿದೆ. ಕೇಳಲು ಸಂಕೋಚ ಬೇಡ.

ಹಿಂದಿನ ಮೂಲ ಆಧಾರಗಳು ಕೈಗೆ ಬಂದ ಮೇಲೆ ಬಾಕಿ ಹಣ. ಅದೇ ಮೇಜಿನ ಮೇಲೆ, ಅದೇ ಹೊತ್ತಿಗೆ.

## 10. ರಿಜಿಸ್ಟ್ರಿ ಆದ ಮೇಲೆ

ಪೋಕ್ಕುವರವು (ಕಂದಾಯ ದಾಖಲೆಯಲ್ಲಿ ಹೆಸರು ಬದಲಾವಣೆ) ಆಗಿ ನಿಮ್ಮ ಹೆಸರಿನ ತಂಡಪೇರಿನಲ್ಲಿ ತೀರ್ವೆ ಕಟ್ಟುವ ತನಕ ಕೆಲಸ ಮುಗಿದಿಲ್ಲ. ಇಡೀ ಸಬ್ ಡಿವಿಜನ್ ಕೊಂಡಿದ್ದರೆ ಬೇಗ ಆಗುತ್ತದೆ, ತುಂಡು ಕೊಂಡಿದ್ದರೆ ಸರ್ವೆಯರು ಬಂದು ಅಳೆಯಬೇಕು. ವರ್ಷಗಟ್ಟಲೆ ಬಿಟ್ಟರೆ ಮಾರಿದವರ ಹೆಸರಲ್ಲೇ ಉಳಿದು, ಅವರ ಸಾಲದ ವಸೂಲಿ ಈ ಜಾಗದ ಮೇಲೆ ತಿರುಗಬಹುದು. ಕರೆಂಟಿನ ಕನ್ಸ್ಯೂಮರ್ ನಂಬ್ರ, ಮನೆ ಇದ್ದರೆ ಪಂಚಾಯತಿನ ಕಟ್ಟಡ ತೆರಿಗೆ, ಎರಡನ್ನೂ ಅದೇ ತಿಂಗಳಲ್ಲಿ ಬದಲಾಯಿಸಿ.

ಹೊಸ ಮನೆಗೆ ಪಂಚಾಯತಿನ ಪರವಾನಗಿ ಕೆ-ಸ್ಮಾರ್ಟ್ ಎಂಬ ಆನ್‌ಲೈನ್ ವ್ಯವಸ್ಥೆಯ ಮೂಲಕ. ರಸ್ತೆಯ ಅಂಚಿನಿಂದ 3 ಮೀಟರ್ ಬಿಟ್ಟೇ ನಕ್ಷೆ ಮಾಡಿಸಿ. ಮನೆಯ ವಿಸ್ತೀರ್ಣ 100 ಚದರ ಮೀಟರ್ ದಾಟಿದರೆ ಕಂದಾಯ ಇಲಾಖೆಗೆ ಒಂದಾವರ್ತಿ ಕಟ್ಟಡ ತೆರಿಗೆ ಬರುತ್ತದೆ, ಬಜೆಟಿನಲ್ಲಿ ಸೇರಿಸಿಕೊಳ್ಳಿ.

## 11. ವಾಸದ ಮೊದಲ ವರ್ಷ

ಮನೆಮನೆಯಿಂದ ಕಸ ಒಯ್ಯುವ ಹರಿತ ಕರ್ಮ ಸೇನೆಗೆ ತಿಂಗಳಿಗೆ 50 ರೂಪಾಯಿ ಕೊಟ್ಟು ಪ್ಲಾಸ್ಟಿಕ್ ಒಪ್ಪಿಸಿ, ಆ ರಶೀದಿಯನ್ನು ಪಂಚಾಯತಿನ ಬೇರೆ ಕೆಲಸಕ್ಕೂ ಕೇಳುತ್ತಾರೆ. ಹಂದಿಯ ಕಾಟ ಎಲ್ಲ ಕಡೆ ಇದೆ. ಕಾರಡ್ಕ, ಮುಳಿಯಾರು, ದೇಲಂಪಾಡಿ ಕಡೆ ಆನೆಯೂ ಇಳಿಯುತ್ತದೆ. ಅಲ್ಲಿ ಬಾಳೆ ಮತ್ತು ಎಳೆ ತೆಂಗು ಮನೆಯ ಗೋಡೆಗೆ ಒತ್ತಿ ನೆಡಬೇಡಿ.

ತೋಡಿನ (ಸಣ್ಣ ಹಳ್ಳದ) ಬದಿಯ ತೋಟ ತೆಗೆದುಕೊಂಡವರು ಮಳೆ ನಿಂತ ಮೇಲೆ ನೀರು ನಿಲ್ಲಿಸಲು ಅದಕ್ಕೆ ಅಡ್ಡಲಾಗಿ ಕಟ್ಟ (ತಾತ್ಕಾಲಿಕ ಒಡ್ಡು) ಕಟ್ಟುವ ದಿನ ಯಾವುದು ಎಂದು ಮೇಲಿನ ಮತ್ತು ಕೆಳಗಿನ ತೋಟದವರನ್ನು ಅಕ್ಟೋಬರಿನಲ್ಲೇ ಕೇಳಿಕೊಳ್ಳಿ. ಎಷ್ಟು ಆಳು, ಎಷ್ಟು ಹಣ, ಹಲಗೆ ಯಾರ ಮನೆಯಲ್ಲಿದೆ, ಪತ್ತನಾಜೆ ಕಳೆದು ತೋಡು ತುಂಬುವ ಮೊದಲು ಅದನ್ನು ಬಿಡಿಸುವವರು ಯಾರು ಎಂಬುದಕ್ಕೆಲ್ಲ ಅಲ್ಲಿ ಹಳೆಯ ಲೆಕ್ಕ ಇರುತ್ತದೆ. ನಿಮಗೆ ಮಾರಿದವರ ಪಾಲಿನ ಆಳು ಮತ್ತು ಹಣ ಆ ವರ್ಷದಿಂದ ನಿಮ್ಮದು.